ಕ್ಯಾಸಿನೊ ತುಳಿಯದ ದಿಬ್ಬಣ

ಕೊರೊನಾ ಗಲಾಟೆ ಮುಗಿದು, ಮುಂದಕ್ಕೆ ಹಾಕಿದ್ದ ಮದುವೆಗಳೆಲ್ಲ ಒಟ್ಟಿಗೇ ನಮ್ಮ ತಲೆಯ ಮೇಲೆ ಬಿದ್ದ ವರ್ಷ ಅದು. ಇಂದಿರಾನಗರದ ಅಡ್ಡರಸ್ತೆಯೊಂದರಲ್ಲಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ ನನ್ನ ಆಫೀಸು. ಬೋರ್ಡಿನ ಮೇಲೆ ‘ವೆಡ್ಡಿಂಗ್ ಪ್ಲಾನರ್’ ಎಂದಿದೆ. ನಮ್ಮಮ್ಮ ಮಾತ್ರ ಕಡೆಯವರೆಗೂ ಎಲ್ಲರಿಗೂ ‘ನಮ್ಮ ಶೈಲಾ ಮದುವೆ ಮಾಡಿಸ್ತಾಳೆ’ ಎಂದೇ ಹೇಳುತ್ತಿದ್ದರು. ಕೇಳಿದವರು ನನ್ನನ್ನು ಗಂಡು ಹುಡುಕುವವಳೆಂದು ತಿಳಿದು ಜಾತಕ ತಂದುಕೊಡುತ್ತಿದ್ದರು. ನನ್ನ ಕೆಲಸ ಅದಲ್ಲ. ಗಂಡು ಹೆಣ್ಣು ಒಪ್ಪಿದ ಮೇಲೆ ಛತ್ರ, ಊಟ, ಹೂವು, ಬಸ್ಸು, ವಾಲಗ ಎಲ್ಲವನ್ನೂ ಹೊಂದಿಸಿ, ಎರಡು ಕಡೆಯವರೂ ಜಗಳವಾಡದಂತೆ ನೋಡಿಕೊಳ್ಳುವುದು. ಕೊನೆಯದು ಕರಾರಿನಲ್ಲಿ ಬರೆದಿರುವುದಿಲ್ಲ, ಆದರೆ ಸಂಬಳ ಬರುವುದು ಅದಕ್ಕೇ.

ಆ ವರ್ಷ ಕೆ.ಆರ್. ಪುರಂ ಕಡೆ ಲೇಔಟು ಮಾಡಿ ಹೆಸರಾದ ಜಯರಾಮ್ ಅವರು ತಮ್ಮ ಹಿರಿಯ ಮಗಳು ಅನುಷಾಳ ಮದುವೆಯನ್ನು ನನಗೆ ವಹಿಸಿದರು. ಗಂಡು ಕಿರಣ್, ಮರ್ಫಿ ಟೌನ್ ಹುಡುಗ. ಇಬ್ಬರೂ ಫಿಸಿಯೋಥೆರಪಿಸ್ಟರು, ಒಂದೇ ಕಡೆ ಕೆಲಸ ಮಾಡುತ್ತಾ ಮೆಚ್ಚಿಕೊಂಡವರು. ಕಿರಣನ ತಂದೆ ಗೋಪಾಲ್ ಹಲಸೂರಿನಲ್ಲಿ ಆಟೋ ಬಿಡಿಭಾಗದ ಅಂಗಡಿ ಇಟ್ಟಿದ್ದರು. ಮದುವೆ ಎಲ್ಲಿ ಎಂಬ ಪ್ರಶ್ನೆ ಬಂದಾಗ ಜಯರಾಮ್ ನನ್ನನ್ನಾಗಲಿ ಬೀಗರನ್ನಾಗಲಿ ಕೇಳಲಿಲ್ಲ. ಶ್ರೀಲಂಕಾದ ಕಡಲತೀರದಲ್ಲಿ ಹೊಸದಾಗಿ ತೆರೆದಿದ್ದ ಒಂದು ಭಾರೀ ಕ್ಯಾಸಿನೊ ರೆಸಾರ್ಟನ್ನು ಆಗಲೇ ಗೊತ್ತುಮಾಡಿಬಿಟ್ಟಿದ್ದರು. ಊರಿನಿಂದಾಚೆ, ಹೆಸರಾದ ಜಾಗಕ್ಕೆ ಬಂಧುಬಳಗವನ್ನೆಲ್ಲ ಕರೆದೊಯ್ದು ಮಾಡುವ ಇಂಥ ಮದುವೆಗೆ ನಮ್ಮ ವೃತ್ತಿಯಲ್ಲಿ ‘ಡೆಸ್ಟಿನೇಶನ್ ವೆಡ್ಡಿಂಗ್’ ಎನ್ನುತ್ತೇವೆ. ಬೆಂಗಳೂರಿನಿಂದ ವಿಮಾನದಲ್ಲಿ ಹೆಚ್ಚು ಹೊತ್ತೇನಿಲ್ಲ. ಆ ದಿನಗಳಲ್ಲಿ ಬೆಂಗಳೂರಿನ ಸಿಲ್ಕ್ ಬೋರ್ಡ್ ವೃತ್ತದ ಟ್ರಾಫಿಕ್ಕು ದಾಟುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಬೇಕಾಗುತ್ತಿತ್ತು.

ಹೋಟೆಲ್ಲು ಎಂದರೆ ಎಂಥ ಹೋಟೆಲ್ಲು! ಒಳಗೆ ಕಾಲಿಟ್ಟ ಕೂಡಲೇ ಏಲಕ್ಕಿ, ನಿಂಬೆಹುಲ್ಲು ಬೆರೆಸಿದಂಥ ಪರಿಮಳ. ಕೋಣೆಯ ಪರದೆ ಗುಂಡಿ ಒತ್ತಿದರೆ ತಾನೇ ಸರಿಯುತ್ತಿತ್ತು, ಸರಿದರೆ ಎದುರಿಗೇ ಸಮುದ್ರ. ನಮ್ಮವರೂ ಎರಡು ದಿನ ಚೆನ್ನಾಗಿಯೇ ಸುಖಪಟ್ಟರು. ಗೋಪಾಲರ ಷಡ್ಡಕ ಸ್ನಾನದ ತೊಟ್ಟಿಯಲ್ಲಿ ನೊರೆ ತುಂಬಿಸಿಕೊಂಡು ಕೂತವರು ತಿಂಡಿಗೇ ಬರಲಿಲ್ಲ. ಹೆಂಗಸರು ಸೀರೆ ಜಾಲಾಡಿ ಬಾಲ್ಕನಿಯ ಕಂಬಿಗೆ ಹರವಿದರು. ಕೆಳಗಿನಿಂದ ನೋಡಿದರೆ ನಮ್ಮ ಮಹಡಿ ಯಾವುದೆಂದು ಬಣ್ಣದಿಂದಲೇ ಹೇಳಬಹುದಿತ್ತು. ಹೋಟೆಲಿನವರು ನನಗೆ ಎರಡು ಸಲ ಫೋನ್ ಮಾಡಿದರು. ಎರಡು ಸಲವೂ ‘ಓಕೆ, ಓಕೆ’ ಎಂದು ಇಟ್ಟುಬಿಟ್ಟೆ.

ಎಲ್ಲರಿಗಿಂತ ಆರಾಮವಾಗಿದ್ದವರು ಗಂಡಿನ ಅಜ್ಜಿ ಮುನಿಯಮ್ಮ. ಗೋಪಾಲರ ತಾಯಿ. ರಸೆಲ್ ಮಾರುಕಟ್ಟೆಯಲ್ಲಿ ಹೂವು ಮಾರಿ ಮಗನನ್ನು ಸಾಕಿದವರು. ತಂದೆತಾಯಿ ಇಬ್ಬರೂ ದುಡಿಯಲು ಹೋಗುತ್ತಿದ್ದ ಮನೆಯಲ್ಲಿ ಕಿರಣನನ್ನು ಬೆಳೆಸಿದವರೂ ಅವರೇ. ಮೆತ್ತನೆಯ ಹಾಸಿಗೆ ಸೊಂಟಕ್ಕೆ ಆಗುವುದಿಲ್ಲವೆಂದು ನೆಲದ ಮೇಲೆ ಹೊದಿಕೆ ಹಾಸಿಕೊಂಡು ಕೂತು, ಹೋಟೆಲಿನವರು ತರಿಸಿಕೊಟ್ಟ ಮಲ್ಲಿಗೆ ಮೊಗ್ಗನ್ನು ಮಾಲೆ ಕಟ್ಟುತ್ತಿದ್ದರು. ಕೋಣೆ ಗುಡಿಸಲು ಬಂದ ಹುಡುಗಿಯರ ಹತ್ತಿರ ಕಂಟೋನ್ಮೆಂಟಿನ ತಮಿಳಿನಲ್ಲಿ ಹರಟೆ. ಅವರಿಗೋ, ಇಷ್ಟು ದೊಡ್ಡ ಹೋಟೆಲಿನ ಗೆಸ್ಟು ನೆಲದ ಮೇಲೆ ಕೂತು ‘ಊಟ ಆಯ್ತೇನಮ್ಮಾ’ ಎಂದು ತಮಿಳಿನಲ್ಲಿ ಕೇಳುವುದು ಹೊಸದು. ಅರಿಶಿನದ ಶಾಸ್ತ್ರ ತೋಟದ ಹುಲ್ಲುಹಾಸಿನಲ್ಲಿತ್ತು. ನಮ್ಮ ಊಟ ತಿಂಡಿ ಕೋಣೆಗಳಿದ್ದ ಕಟ್ಟಡದಲ್ಲೇ ಇತ್ತು, ಅಲ್ಲಿಂದ ತೋಟಕ್ಕೂ ಬೇರೆ ಬಾಗಿಲಿದ್ದುದರಿಂದ ಶಾಸ್ತ್ರವೂ ಸಾಂಗವಾಗಿ ಮುಗಿಯಿತು.

ತೊಡಕು ಬಂದದ್ದು ಮದುವೆಯ ಹಿಂದಿನ ದಿನ ಮಧ್ಯಾಹ್ನ.

ಇಲ್ಲೊಂದು ವಿಷಯ ವಿವರಿಸಬೇಕು. ಕ್ಯಾಸಿನೊ ಎಂದರೆ ಪರವಾನಗಿ ಪಡೆದ ಜೂಜುಮನೆ. ಅಂಥ ರೆಸಾರ್ಟುಗಳನ್ನು ಕಟ್ಟುವ ರೀತಿಯೇ ಬೇರೆ. ಊಟಕ್ಕೆ ಹೋಗಿ, ಈಜಲು ಹೋಗಿ, ಮದುವೆಗೆ ಹೋಗಿ, ದಾರಿ ಮಾತ್ರ ಆಟದ ಮೇಜುಗಳ ನಡುವೆಯೇ. ಕಿರಾಣಿ ಅಂಗಡಿಯವನು ಚಾಕೊಲೇಟಿನ ಡಬ್ಬಿಯನ್ನು ಗಲ್ಲಾದ ಪಕ್ಕದಲ್ಲೇ ಇಡುತ್ತಾನಲ್ಲ, ಅದೇ ಉಪಾಯ. ನಮ್ಮ ಮಂಟಪ ಕಟ್ಟಿದ್ದ ಬಾಲ್‌ರೂಮ್, ಅಂದರೆ ಹೋಟೆಲಿನ ಮದುವೆ ಹಾಲ್, ಕ್ಯಾಸಿನೊದ ಮೇಲಿನ ಮಹಡಿಯಲ್ಲಿತ್ತು. ಅಲ್ಲಿಗೆ ಹೋಗುವ ಎಸ್ಕಲೇಟರೂ ಲಿಫ್ಟೂ ಹೊರಡುತ್ತಿದ್ದುದು ಕ್ಯಾಸಿನೊದ ನಟ್ಟನಡುವಿನಿಂದ. ಹೊರಗಿನಿಂದ ಸುತ್ತಿಕೊಂಡು ಬಂದರೂ ಅಲ್ಲಿಗೇ ಬರಬೇಕು.

ಬೆಳಿಗ್ಗೆ ಗೊಂದಲವಾಗಬಾರದೆಂದು ಗಂಡಿನ ಕಡೆಯ ಹಿರಿಯರಿಗೆ ದಾರಿ ತೋರಿಸಲು ಹೊರಟಿದ್ದೆ. ಅಮೃತಶಿಲೆಯ ನೆಲ ಮುಗಿದು ಕೆಂಪು ಕಾರ್ಪೆಟ್ ಶುರುವಾಗುವ ಗೆರೆಯಲ್ಲಿ ಮುನಿಯಮ್ಮಜ್ಜಿ ನಿಂತುಬಿಟ್ಟರು. ಎದುರಿನ ಮೇಜಿನಲ್ಲಿ ಒಬ್ಬ ಹುಡುಗಿ ಇಸ್ಪೀಟಿನ ಎಲೆಗಳನ್ನು ಫರ್ರನೆ ಕಲಸುತ್ತಿದ್ದಳು. ಅಜ್ಜಿ ಅದನ್ನೇ ನೋಡಿದರು. ಆಮೇಲೆ ಗೋಡೆ ಹಿಡಿದುಕೊಂಡು ಅಮೃತಶಿಲೆಯ ಮೇಲೆ ಕೂತರು.

“ಗೋಪಾಲ, ಇದು ಜೂಜಾಡೋ ಜಾಗ ಅಲ್ವೇನೋ?”

ಗೋಪಾಲ್ ಮುಖ ಇಳಿಬಿಟ್ಟರು. “ಹೋಟ್ಲು ಬೇರೆ, ಇದು ಬೇರೆ ಅನ್ಕೊಂಡಿದ್ದೆ ಕಣಮ್ಮ. ಹಿಂಗೆ ಮಧ್ಯದಲ್ಲೇ ಇರುತ್ತೆ ಅಂತ ಗೊತ್ತಿರ್ಲಿಲ್ಲ.”

“ಇಲ್ಲಿಂದಾಚೆ ನಾನು ಬರಲ್ಲ.”

ವಯಸ್ಸಾದವರ ಹಟ, ಒಂದು ಲೋಟ ಕಾಫಿಯಲ್ಲಿ ಮುಗಿಯುತ್ತದೆ ಎಂದು ನಾನು ಪಕ್ಕದಲ್ಲಿ ಕೂತೆ. ಮುಗಿಯುವಂಥದ್ದಾಗಿರಲಿಲ್ಲ. ಅಜ್ಜಿಯ ಗಂಡ ಕುದುರೆ ರೇಸು, ಇಸ್ಪೀಟು ಎಂದು ಮನೆಯನ್ನೇ ಕರಗಿಸಿದವರು. ಗೋಪಾಲ್ ಕೂಸಾಗಿದ್ದಾಗ ಒಂದು ದಿನ ಅಜ್ಜಿ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಗಂಡನನ್ನು ಕರೆತರಲು ಇಸ್ಪೀಟಿನ ಅಡ್ಡಾಕ್ಕೇ ಹೋಗಿದ್ದರಂತೆ. ಅಲ್ಲಿದ್ದವರು ನಕ್ಕರು. ಗಂಡನೂ ನಕ್ಕ.

“ಅವತ್ತೇ ಇವನ ತಲೆ ಮುಟ್ಟಿ ಆಣೆ ಮಾಡ್ದೆ ತಾಯಿ. ಜೂಜಾಡೋ ಜಾಗದ ನೆಲ ಇನ್ನು ತುಳಿಯಲ್ಲ ಅಂತ. ಅವರು ಸತ್ತ ಸುದ್ದಿನೂ ಅಂಥ ಕಡೆಯಿಂದ್ಲೇ ಬಂತು. ನಾನು ಹೋಗ್ಲಿಲ್ಲ, ಬೀದಿಲೇ ನಿಂತಿದ್ದೆ. ಇವನೊಬ್ಬನೇ ನಂಗಿರೋದು. ಈಗ ತುಳಿದು ಇವನಿಗೇನಾದ್ರೂ ಆದ್ರೆ?”

ಆ ‘ಇವನು’ ಎದುರಿಗೆ ನಿಂತಿದ್ದ, ತಲೆ ಬೆಳ್ಳಗಾದ ಗೋಪಾಲ್. ಅವರ ಕಣ್ಣು ತುಂಬಿತ್ತು.

ಅಷ್ಟರಲ್ಲಿ ಜಯರಾಮ್ ಬಂದರು. ಸಮಸ್ಯೆ ಕೇಳಿ, “ಅಷ್ಟೇನಾ? ವೀಲ್‌ಚೇರ್ ತರ್ಸಿ ಮೇಡಂ. ಕಾಲು ನೆಲಕ್ಕೆ ತಾಕಲ್ಲ, ಆಣೆನೂ ಮುರಿಯಲ್ಲ” ಎಂದರು. ಜಾಣತನವೇ. ಆದರೆ ಅಜ್ಜಿ ನಕ್ಕರು.

“ಹಂಗೆಲ್ಲ ಸಂದಿ ಹುಡುಕೋಕೆ ನಾನೇನು ಲಾಯರಾ ಬೀಗ್ರೇ? ನೀವು ಮದುವೆ ಮಾಡಿ. ನಾನು ರೂಮಲ್ಲೇ ಕೂತು ಅಕ್ಷತೆ ಹಾಕ್ತೀನಿ. ನಂಗೇನೂ ಬೇಜಾರಿಲ್ಲ.”

ಬೇಜಾರಾದದ್ದು ಕಿರಣನಿಗೆ. ಅವನು ಕೂಗಾಡಲಿಲ್ಲ. ಅಜ್ಜಿಯ ಪಕ್ಕದಲ್ಲಿ ತಾನೂ ನೆಲದ ಮೇಲೆ ಕೂತು, “ಮೇಡಂ, ಅಜ್ಜಿ ಮುಂದೆ ನಡೀಬೇಕು, ನಾನು ಹಿಂದೆ. ಅವರಿಲ್ದೆ ನಾನು ಹಸೆಗೆ ಕೂರಲ್ಲ” ಎಂದ. ಗಂಡನಿಲ್ಲದವರು ದಿಬ್ಬಣದ ಮುಂದೆ ನಡೆಯುವುದೇ ಎಂದು ಯಾರೋ ಒಬ್ಬ ಅತ್ತೆ ಗೊಣಗಿದರು. ಕಿರಣ್ ತಿರುಗಿ ನೋಡಿದ್ದಕ್ಕೆ ಗೊಣಗಾಟ ಅಲ್ಲೇ ನಿಂತಿತು. ಮಂಟಪವನ್ನೇ ಕೆಳಗೆ ಹುಲ್ಲುಹಾಸಿಗೆ ಇಳಿಸೋಣ ಎಂದರೆ ಮಳೆ ಯಾವಾಗ ಬೇಕಾದರೂ ಬರುವ ಕಾಲ. ಮುಹೂರ್ತ ಮರುದಿನ ಬೆಳಿಗ್ಗೆ. ಇಪ್ಪತ್ತು ವರ್ಷದ ವೃತ್ತಿಯಲ್ಲಿ ಕರೆಂಟು ಹೋದ ಮದುವೆ ಮಾಡಿಸಿದ್ದೇನೆ, ಅಡುಗೆಯವರು ಓಡಿಹೋದ ಮದುವೆ ಮಾಡಿಸಿದ್ದೇನೆ. ದಾರಿಯೇ ಇಲ್ಲದ ಮದುವೆ ಇದೇ ಮೊದಲು.

ದಾರಿ ಇಲ್ಲ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಯಾವ ದೊಡ್ಡ ಹೋಟೆಲಿನಲ್ಲೂ ಎರಡು ಹೋಟೆಲ್ಲುಗಳಿರುತ್ತವೆ. ಗೆಸ್ಟುಗಳಿಗೆ ಕಾಣುವುದು ಒಂದು. ಗೋಡೆಯ ಹಿಂದೆ ಅಡುಗೆಮನೆ, ಲಾಂಡ್ರಿ, ಪಾತ್ರೆ ತೊಳೆಯುವ ಜಾಗ, ತಳ್ಳುಗಾಡಿಗಳು ಓಡಾಡುವ ಓಣಿ ಸೇರಿದ ಇನ್ನೊಂದು. ನಮ್ಮ ಕಸುಬಿನವರು ಅದನ್ನು ‘ಬ್ಯಾಕ್ ಆಫ್ ದ ಹೌಸ್’ ಎನ್ನುತ್ತಾರೆ. ಬಿಸಿಬಿಸಿ ಊಟ ಮೇಲಿನ ಹಾಲಿಗೆ ಕ್ಯಾಸಿನೊ ದಾಟಿ ಬರುವುದಿಲ್ಲವಲ್ಲ? ಅಡುಗೆಮನೆಯಿಂದ ಸರ್ವಿಸ್ ಲಿಫ್ಟಿನಲ್ಲಿ ಬರುತ್ತದೆ. ಊಟ ಬರುವ ದಾರಿಯಲ್ಲಿ ಅಜ್ಜಿ ಬರಬಾರದೇ?

ಬಾಂಕ್ವೆಟ್ ಮ್ಯಾನೇಜರ್, ಅಂದರೆ ಹೋಟೆಲಿನ ಸಮಾರಂಭಗಳನ್ನು ನೋಡಿಕೊಳ್ಳುವ ಸುರೇನ್ ಎಂಬಾತ ಅಲ್ಲಿಯವನೇ, ಒಳ್ಳೆಯ ಮನುಷ್ಯ. ಕೇಳಿದ ಕೂಡಲೇ ಎರಡೂ ಕೈ ಜೋಡಿಸಿದ. ನೆಲ ಒದ್ದೆ ಇರುತ್ತದೆ, ತಳ್ಳುಗಾಡಿ ತಗಲುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಕ್ಯಾಸಿನೊದ ಹಣದ ಪೆಟ್ಟಿಗೆಗಳು ಹೋಗುವುದೂ ಅದೇ ಓಣಿಯಲ್ಲಿ. ಗೆಸ್ಟು ಅಲ್ಲಿ ಕಾಲಿಟ್ಟರೆ ಸೆಕ್ಯುರಿಟಿಯವರು ನನ್ನ ಕೆಲಸ ತೆಗೆಯುತ್ತಾರೆ ಎಂದ. ಅವನು ಹೇಳಿದ್ದರಲ್ಲಿ ಒಂದೂ ನೆಪವಾಗಿರಲಿಲ್ಲ. ನನಗೆ ಸಿಟ್ಟು ಬೇಗ ಬರುತ್ತದೆ. ಅವತ್ತು ಅದು ಉಪಯೋಗಕ್ಕೆ ಬಂತು.

“ಸುರೇನ್, ಲಕ್ಷಗಟ್ಟಲೆ ಆಡುವ ದೊಡ್ಡ ಮನುಷ್ಯರು ಲಾಬಿಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅವರು ಹೇಗೆ ಬರುತ್ತಾರೆ?”

“ಅವರಿಗೆ ಬೇರೆ ಬಾಗಿಲಿದೆ ಮೇಡಂ. ಪಾರ್ಕಿಂಗಿನಿಂದ ಖಾಸಗಿ ಲಿಫ್ಟು.”

“ಜೂಜಾಡುವವರಿಗೆ ಗುಟ್ಟಾಗಿ ಒಂದು ಬಾಗಿಲು ಕೊಡುವ ಹೋಟೆಲ್ಲು, ಜೂಜು ಬೇಡ ಎಂದು ಆಣೆ ಮಾಡಿದ ಒಬ್ಬ ಅಜ್ಜಿಗೆ ಒಂದು ಬಾಗಿಲು ಕೊಡುವುದಿಲ್ಲವೇ?”

ಮಾತು ಇಂಗ್ಲಿಷಿನಲ್ಲಿ ನಡೆದಿತ್ತು. ಸುರೇನ್ ಟೈ ಸರಿಮಾಡಿಕೊಂಡು ಜನರಲ್ ಮ್ಯಾನೇಜರ್ ಕೋಣೆಗೆ ಹೋದ. ಹೊರಗೆ ಬಂದಾಗ ಜೊತೆಯಲ್ಲಿ ಸೆಕ್ಯುರಿಟಿ ಮುಖ್ಯಸ್ಥರೂ ಇದ್ದರು, ಸೈನ್ಯದಿಂದ ನಿವೃತ್ತರಾದವರು. ಅವರು ಷರತ್ತುಗಳನ್ನು ಹೇಳತೊಡಗಿದರು. ಹಣದ ಪೆಟ್ಟಿಗೆ ಓಡಾಡದ ಹೊತ್ತಿನಲ್ಲೇ ಹೋಗಬೇಕು, ಫೋಟೋ ತೆಗೆಯುವಂತಿಲ್ಲ, ದೀಪ ಹಚ್ಚುವಂತಿಲ್ಲ, ಅಡುಗೆಮನೆಯ ನಿಯಮದಂತೆ ತಲೆಗೆ ಬಲೆಯ ಟೋಪಿ, ಕಾಲಿಗೆ ಅವರೇ ಕೊಡುವ ಜಾರದ ರಬ್ಬರ್ ಬೂಟು. ಅವರು ಮುಗಿಸುವ ಮೊದಲೇ ಎಲ್ಲಕ್ಕೂ ಒಪ್ಪಿಕೊಂಡೆ. ವಾಲಗ ಸ್ವಲ್ಪ ಮೆಲ್ಲಗೆ ಇರಲಿ ಎಂದರು. ಹಲಸೂರಿನಿಂದ ನಮ್ಮ ಜೊತೆ ಬಂದಿದ್ದ ಡೋಲಿನವರು, “ಡೋಲು ಮೆಲ್ಲಗೆ ಬಾರ್ಸೋಕಾಗಲ್ಲ ಮೇಡಂ, ಬೇಕಾದ್ರೆ ಬಾರ್ಸೋದೇ ಬಿಡ್ತೀವಿ” ಎಂದರು. ಅದನ್ನು ನಾನು ಅನುವಾದ ಮಾಡಲಿಲ್ಲ.

ಗೋಪಾಲ್ ತಮ್ಮವರನ್ನೆಲ್ಲ ಸೇರಿಸಿ, “ಅಮ್ಮ ಹೋಗೋ ದಾರಿನೇ ನಮ್ಮೆಲ್ಲರ ದಾರಿ” ಎಂದರು. ಅಲ್ಲಿಗೆ ಒಬ್ಬ ಅಜ್ಜಿಗೆ ಕೇಳಿದ್ದ ಬಾಗಿಲು ಇಡೀ ದಿಬ್ಬಣಕ್ಕೆ ಬೇಕಾಯಿತು. ಸುರೇನ್ ಹಣೆ ಒರೆಸಿಕೊಂಡ, ತಂಡತಂಡವಾಗಿ ಕಳಿಸುತ್ತೇನೆ ಎಂದ. ಉಳಿದವರು ಜಯರಾಮ್. ನಮ್ಮಲ್ಲಿ ಗಂಡಿನವರು ಬಂದಾಗ ಹೆಣ್ಣಿನ ತಂದೆತಾಯಿ ಬಾಗಿಲಲ್ಲಿ ನಿಂತು ಎದುರುಗೊಳ್ಳಬೇಕು. ನಿಲ್ಲದಿದ್ದರೆ ಬೀಗರು ಹಿಂದಿರುಗಿ ನಡೆದರೂ ಯಾರೂ ತಪ್ಪೆನ್ನುವುದಿಲ್ಲ. ಆ ಬಾಗಿಲು ಈಗ ಸರ್ವಿಸ್ ಲಿಫ್ಟಿನ ಬಾಗಿಲಾಗಿತ್ತು.

“ಶೈಲಾ ಮೇಡಂ, ಇಷ್ಟು ದೊಡ್ಡ ಹೋಟ್ಲು ಮಾಡಿ ಬೀಗರನ್ನ ಪಾತ್ರೆ ತೊಳ್ಯೋ ಕಡೆಯಿಂದ ಕರ್ಕೊಂಡೆ ಅಂದ್ರೆ, ನಾನು ಊರಲ್ಲಿ ತಲೆ ಎತ್ಕೊಂಡು ಓಡಾಡ್ಬೇಕಾ ಬೇಡ್ವಾ?”

“ಬೀಗರೇ ಬರ್ಲಿಲ್ಲ ಅಂದ್ರೆ ಎತ್ಕೊಂಡು ಓಡಾಡ್ತೀರಾ ಸಾರ್?” ಎಂದೆ. ಗಿರಾಕಿಗೆ ಆಡುವ ಮಾತಲ್ಲ. ಅವರು ಎದ್ದು ಹೋದರು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಕೋಣೆಗಳ ಕಟ್ಟಡದ ಹಿಂಬದಿಯಲ್ಲಿದ್ದ ಬೂದು ಬಣ್ಣದ ಕಬ್ಬಿಣದ ಬಾಗಿಲ ಮುಂದೆ ನಾವು ಸೇರಿದೆವು. ಕಿರಣನ ಪೇಟವನ್ನೇ ತಲೆಯ ಟೋಪಿ ಎಂದು ಅಡುಗೆಮನೆಯ ಸುರಕ್ಷತಾ ಅಧಿಕಾರಿ ಮಾನ್ಯ ಮಾಡಿದ. ಪೇಟ, ಬಾಸಿಂಗ, ಜರಿ ಪಂಚೆ, ಕೆಳಗೆ ಕರೀ ರಬ್ಬರ್ ಬೂಟು. ಹೆಂಗಸರ ಮೊಳಗಟ್ಟಲೆ ಮಲ್ಲಿಗೆಯ ಮೇಲೆ ಬಲೆಯ ಟೋಪಿ ಬಿಗಿದಾಗ ಒಬ್ಬರನ್ನೊಬ್ಬರು ನೋಡಿ ನಕ್ಕೂ ನಕ್ಕೂ ಕುಂಕುಮ ಅಳಿಸಿಕೊಂಡರು. ಅಜ್ಜಿ ಸೆರಗನ್ನು ತಲೆಗೆ ಹೊದ್ದು, ತಾವೇ ಕಟ್ಟಿದ ಮಾಲೆಯ ಬುಟ್ಟಿ ಹಿಡಿದು ಬಾಗಿಲ ಮುಂದೆ ನಿಂತರು.

“ಇದು ಯಾರು ಓಡಾಡೋ ದಾರಿ ತಾಯಿ?”

“ಕೆಲಸ ಮಾಡೋರು ಓಡಾಡೋ ದಾರಿ ಅಜ್ಜಿ.”

“ಹಂಗಾದ್ರೆ ನಮ್ದೇ” ಎಂದು ಬಲಗಾಲು ಇಟ್ಟರು.

ಡೋಲು ಬಿತ್ತು ನೋಡಿ! ಆ ಕಾಂಕ್ರೀಟ್ ಓಣಿಯಲ್ಲಿ ಒಂದು ಏಟು ಹತ್ತಾಗಿ ಮರುದನಿಸಿತು. ಲಾಂಡ್ರಿಯ ಹೆಂಗಸರು ಬಟ್ಟೆ ಕೈಯಲ್ಲೇ ಹಿಡಿದುಕೊಂಡು ಹೊರಗೆ ಓಡಿಬಂದರು. ಕೋಣೆ ಗುಡಿಸುತ್ತಿದ್ದ ಹುಡುಗಿಯರು ಅಜ್ಜಿಯ ಗುರುತು ಹಿಡಿದು “ಪಾಟ್ಟಿ, ಪಾಟ್ಟಿ” ಎಂದು ಕೂಗಿದರು, ತಮಿಳಿನಲ್ಲಿ ಹಾಗೆಂದರೆ ಅಜ್ಜಿ. ಪಾತ್ರೆ ತೊಳೆಯುವವರು ಕೈ ಒರೆಸಿಕೊಂಡು ಚಪ್ಪಾಳೆ ಹೊಡೆದರು. ಬೇಕರಿಯವನೊಬ್ಬ ಟ್ರೇ ಮೇಲೆ ಸೌಟಿನಿಂದ ಡೋಲಿನ ತಾಳ ಹಿಡಿದ, ನಮ್ಮ ಡೋಲಿನವರು ತಿರುಗಿ ಅವನಿಗೆ ಜೊತೆಕೊಟ್ಟರು. ಎಷ್ಟೋ ಮದುವೆಗೆ ಅಡುಗೆ ಮಾಡಿ ಕಳಿಸಿದ್ದ ಆ ಜನ ಒಬ್ಬ ಮದುಮಗನನ್ನೂ ಕಂಡಿರಲಿಲ್ಲವಂತೆ. ಅಜ್ಜಿ ಬುಟ್ಟಿಯಿಂದ ಒಂದೊಂದು ತುಂಡು ಮಲ್ಲಿಗೆ ತೆಗೆದು ಹೆಂಗಸರ ಕೈಗೆ ಕೊಡುತ್ತಾ, ಮಾರುಕಟ್ಟೆಯಲ್ಲಿ ತಮ್ಮ ಅಂಗಡಿಗೆ ಹೋಗುವಷ್ಟು ಸಲೀಸಾಗಿ ನಡೆದರು. ಸೆಕ್ಯುರಿಟಿ ಮುಖ್ಯಸ್ಥರು ಗೋಡೆಯ ಪಕ್ಕ ನೇರವಾಗಿ ನಿಂತಿದ್ದರು. ಅಜ್ಜಿ ಹತ್ತಿರ ಬಂದಾಗ ಅವರ ಕೈ ತಾನೇ ಸೆಲ್ಯೂಟಿಗೆ ಹೋಯಿತು.

ಆದರೆ ನನಗೆ ಚಿಂತೆ ಒಂದೇ. ಮೇಲಿನ ಬಾಗಿಲಲ್ಲಿ ಯಾರಿರುತ್ತಾರೆ? ಮೊದಲ ತಂಡದಲ್ಲಿ ಅಜ್ಜಿ, ಕಿರಣ್, ಗೋಪಾಲ್ ದಂಪತಿ, ವಾಲಗದವರು, ನಾನು. ಊಟದ ಗಾಡಿ ಹಿಡಿಸುವ ದೊಡ್ಡ ಲಿಫ್ಟು, ಒಳಗೆಲ್ಲ ಸಾಂಬಾರಿನ ವಾಸನೆ. ಗೋಪಾಲ್ ಮೆಲ್ಲಗೆ “ಮೇಡಂ, ಬೀಗ್ರು ಬರ್ತಾರಾ?” ಎಂದರು. ನಾನು ಲಿಫ್ಟಿನ ಗುಂಡಿ ಒತ್ತಿದೆ.

ಲಿಫ್ಟಿನ ಬಾಗಿಲು ತೆರೆಯಿತು.

ಜಯರಾಮ್ ನಿಂತಿದ್ದರು. ಜರಿ ಶಲ್ಯ, ಕೈಯಲ್ಲಿ ತೆಂಗಿನಕಾಯಿ ತಟ್ಟೆ, ತಲೆಯ ಮೇಲೆ ಬಲೆಯ ಟೋಪಿ. ಅದು ಅಡುಗೆ ಇಳಿಸುವ ಪ್ಯಾಂಟ್ರಿಯಾದ್ದರಿಂದ ಅವರಿಗೂ ಅದೇ ನಿಯಮ. ಪಕ್ಕದಲ್ಲಿ ಅವರ ಹೆಂಡತಿ, ದೀಪವಿಲ್ಲದೆ ಅರಿಶಿನ ಸುಣ್ಣ ಕದಡಿದ ಓಕುಳಿ ನೀರಿನ ಆರತಿ ಹಿಡಿದು. ಹಿಂದೆ ಅವರ ಕಡೆಯ ಎಲ್ಲರೂ, ಟೋಪಿ ಹಾಕಿಕೊಂಡೇ. ಪ್ಯಾಂಟ್ರಿಯ ಬಾಗಿಲಿಗೆ ಮಂಟಪದಿಂದ ಬಿಚ್ಚಿ ತಂದ ಮಾವಿನ ತೋರಣ ಕಟ್ಟಿತ್ತು.

“ಬನ್ನಿ ಅಮ್ಮಾ” ಎಂದರು ಜಯರಾಮ್. “ಇದೇ ನಮ್ಮ ಹೆಬ್ಬಾಗಿಲು.”

ಅಜ್ಜಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬುಟ್ಟಿಯಲ್ಲಿದ್ದ ದೊಡ್ಡ ಮಾಲೆ ತೆಗೆದು ಅವರ ಕೊರಳಿಗೆ ಹಾಕಿ, “ಟೋಪಿ ಚೆನ್ನಾಗಿ ಒಪ್ತದೆ ಬೀಗ್ರೇ, ತೆಗೀಬೇಡಿ” ಎಂದರು. ಪ್ಯಾಂಟ್ರಿ ನಗುವಿನಿಂದ ತುಂಬಿಹೋಯಿತು. ಗೋಪಾಲ್ ಬೀಗರನ್ನು ತಬ್ಬಿಕೊಂಡವರು ಬಿಡಲೇ ಇಲ್ಲ. ನಾನು ಆ ಕಡೆ ತಿರುಗಿ, ಇದ್ದ ಬದ್ದವರಿಗೆಲ್ಲ ಸುಮ್ಮಸುಮ್ಮನೆ ಕೆಲಸ ಹೇಳತೊಡಗಿದೆ. ಅಳು ಬಂದಾಗ ನಾನು ಮಾಡುವುದು ಅದನ್ನೇ.

ಮುಹೂರ್ತಕ್ಕೆ ಸರಿಯಾಗಿ ಧಾರೆಯಾಯಿತು. ಅಜ್ಜಿಯ ಕೈಯ ಅಕ್ಷತೆ ಮೊದಲು ಬಿತ್ತು. ಊಟದ ಹೊತ್ತಿಗೆ ಜಯರಾಮ್ ತಾವಾಗಿ ನನ್ನ ಬಳಿ ಬಂದರು. ಹಿಂದಿನ ಸಂಜೆ ಅನುಷಾ ಅವರ ಹತ್ತಿರ ಬಂದು ಒಂದೇ ಒಂದು ಮಾತು ಕೇಳಿದ್ದಳಂತೆ: “ಅಪ್ಪಾ, ನನ್ನ ತಲೆ ಮುಟ್ಟಿ ನೀನು ಆಣೆ ಮಾಡಿದ್ರೆ, ಮುರೀತಿದ್ಯಾ?” ಅವರು ಎದ್ದು ನೇರವಾಗಿ ಸುರೇನ್ ಬಳಿ ಹೋಗಿ ಟೋಪಿಗಳನ್ನು ಕೇಳಿದ್ದರು.

ಹೊರಡುವ ದಿನ ನಮ್ಮ ಬಸ್ಸುಗಳು ಹೋಟೆಲಿನ ಭರ್ಜರಿ ಮುಂಬಾಗಿಲಲ್ಲಿ ನಿಂತಿದ್ದವು. ಲಾಂಡ್ರಿಯ ಹೆಂಗಸರೂ ಅಡುಗೆಯವರೂ ಸುರೇನನ ಅನುಮತಿ ಪಡೆದು ಅಲ್ಲಿಯವರೆಗೆ ಬಂದು ಅಜ್ಜಿಯನ್ನು ಬೀಳ್ಕೊಟ್ಟರು. ಅವರಲ್ಲಿ ಕೆಲವರು ಆ ಬಾಗಿಲಿಗೆ ಬಂದದ್ದು ಅದೇ ಮೊದಲಂತೆ. ಅಜ್ಜಿ ಪ್ರತಿಯೊಬ್ಬರಿಗೂ ಬೆಂಗಳೂರಿಗೆ ಬಂದರೆ ಮಾರುಕಟ್ಟೆಯಲ್ಲಿ ಯಾರನ್ನು ಕೇಳಬೇಕೆಂದು ಹೇಳಿಕೊಟ್ಟರು.

ಈ ಕಸುಬು ನನಗೆ ಕಲಿಸಿದ್ದು ಇಷ್ಟು. ಛತ್ರ, ಹೂವು, ಊಟ ಎಲ್ಲವನ್ನೂ ದುಡ್ಡಿಗೆ ತಕ್ಕಂತೆ ಹೊಂದಿಸಬಹುದು. ಆದರೆ ಮದುವೆಯ ಹೆಬ್ಬಾಗಿಲು ಯಾವುದೆಂದು ಹೇಳಬೇಕಾದವರು ಒಳಗೆ ಬರಬೇಕಾದ ಹಿರಿಯರು, ಕಟ್ಟಡ ಕಟ್ಟಿದವರಲ್ಲ. ಈಗ ಯಾವ ಹೋಟೆಲಿಗೆ ಹೋದರೂ ಮ್ಯಾನೇಜರು ತೂಗುದೀಪ ತೋರಿಸಲು ಕರೆದೊಯ್ಯುವ ಮೊದಲೇ ನಾನು ಹಿಂಬಾಗಿಲು ಕೇಳುತ್ತೇನೆ. ಹುಚ್ಚಿ ಎಂದುಕೊಳ್ಳುತ್ತಾರೆ, ಎಂದುಕೊಳ್ಳಲಿ.

ಮೊನ್ನೆ ಜಯರಾಮ್ ಫೋನ್ ಮಾಡಿದ್ದರು. ಎರಡನೇ ಮಗಳ ಮದುವೆ. ಈ ಸಲ ಎಲ್ಲಿ ಸಾರ್ ಎಂದು ಕೇಳಿದೆ, ಸ್ವಲ್ಪ ಹೆದರಿಕೊಂಡೇ.

“ಹಾಲ್ ನೋಡಾಯ್ತು ಮೇಡಂ. ಮುನಿಯಮ್ಮನೋರ್ನ ಕಾರಲ್ಲಿ ಕರ್ಕೊಂಡೋಗಿ ಮುಂದಿಂದು, ಹಿಂದಿಂದು, ಎಲ್ಲಾ ಬಾಗಿಲೂ ತೋರಿಸ್ದೆ. ಅವರು ಹೂಂ ಅಂದ್ಮೇಲೇ ಬುಕ್ ಮಾಡಿರೋದು.”